ರಾಯಚೂರಿನವರೇ, ಕೂಲರ್ ಇನ್ನೂ ಅಟ್ಟಕ್ಕೇರಿಸಬೇಡಿ

ಕರಾವಳಿಯಲ್ಲಿ ಮುಂಗಾರು ಸುರಿದ ಮಾತ್ರಕ್ಕೆ ನಮ್ಮ ರಾಯಚೂರಿನ ಸೆಕೆ ಇಳಿಯುವುದಿಲ್ಲ. ಪಶ್ಚಿಮ ಘಟ್ಟ ದಾಟುವಷ್ಟರಲ್ಲಿ ಮೋಡಗಳ ತೇವ ಬಹುಪಾಲು ಮುಗಿದಿರುತ್ತದೆ. ಇಲ್ಲಿ ಮಳೆ ಜೋರಾಗುವುದು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ. ಜೂನ್‌ನಲ್ಲೂ 40 ಡಿಗ್ರಿ ಮುಟ್ಟುವ ದಿನಗಳಿರುತ್ತವೆ. ಕೂಲರ್ ಇರಲಿ. ಆದರೆ ಮೋಡ ಕವಿದು ಮೈಯೆಲ್ಲ ಜಿಗುಟಾದ ದಿನ ಅದರ ನೀರಿನ ಪಂಪ್ ನಿಲ್ಲಿಸಿ, ಎದುರಿನ ಕಿಟಕಿ ತೆರೆದು ಬರಿಯ ಗಾಳಿ ಬಿಡಿ. ಆರದ ತೇವ ತಂಪು ಕೊಡುವುದಿಲ್ಲ, ಉಸಿರುಗಟ್ಟಿಸುತ್ತದೆ ಅಷ್ಟೆ. ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಒಳಗೋಡೆಯನ್ನು ಚೆನ್ನಾಗಿ ಉಜ್ಜಿ ಒಣಗಿಸಿ. ಡೆಂಗಿ ಸೊಳ್ಳೆಯ ಮೊಟ್ಟೆಗಳು ಅಲ್ಲೇ ಅಂಟಿಕೊಂಡಿರುತ್ತವೆ.

ಹೊಲವಿರುವವರು ದಯವಿಟ್ಟು ಮೊದಲ ಹನಿಗೇ ತೊಗರಿ ಬಿತ್ತಬೇಡಿ. ಕಪ್ಪು ಮಣ್ಣನ್ನು ಗೇಣುದ್ದ ಅಗೆದು ನೋಡಿ, ಕೆಳಗೂ ಹಸಿಯಿದ್ದರೆ ಕೂರಿಗೆ ಹೂಡಿ. ಸಂಜೆ ಗುಡುಗಿದರೆ ಬೇವಿನ ಮರದಡಿ ನಿಲ್ಲದೆ ಮನೆ ಸೇರಿಕೊಳ್ಳಿ.