ರಾಜಕಾರಣಿಯ ಗ್ರಾಫಿಗೆ ನಾನು ಉತ್ತರ ಕೊಟ್ಟ ಬಗೆ

ಭೂಮಿ ಬಿಸಿಯಾಗುವುದು 1998ಕ್ಕೇ ನಿಂತುಹೋಗಿದೆ ಅಂತ ರಾಜಕಾರಣಿಯೊಬ್ಬರು ಭಾಷಣದಲ್ಲಿ ಹೇಳಿದರು. ಕೈಯಲ್ಲಿ ಒಂದು ಗ್ರಾಫ್, ಜೊತೆಗೆ ಒಂದು ಸಂಶೋಧನಾ ಲೇಖನದ ಹೆಸರು. ದಿನವಿಡೀ ತಾಪಮಾನದ ದಾಖಲೆಗಳ ಜೊತೆಯೇ ಇರುವ ನನಗೆ ಸುಮ್ನೆ ಕೂರಲು ಆಗಲಿಲ್ಲ.

ಅದೇ ರಾತ್ರಿ ನಾಲ್ಕು ಪುಟ ಬರೆದೆ. ಹನ್ನೊಂದು ತಪ್ಪುಗಳ ಪಟ್ಟಿ, ಒಂದೊಂದಕ್ಕೂ ವಿವರಣೆ, ಜೊತೆಗೆ ಲೇಖನ ಬರೆದವರ ಮೇಲೂ ಒಂದಿಷ್ಟು ಸಿಟ್ಟು. ಯಾರೂ ಓದಲಿಲ್ಲ. ಪತ್ರಕರ್ತೆಯೊಬ್ಬರು ಫೋನ್ ಮಾಡಿ, ಇಷ್ಟರಲ್ಲಿ ಮುಖ್ಯವಾದದ್ದು ಯಾವುದು ಅಂತ ಕೇಳಿದರು. ಥಟ್ಟನೆ ಹೇಳಲು ನನಗೇ ಆಗಲಿಲ್ಲ.

ಆಮೇಲೆ ಆ ಲೇಖನವನ್ನು ಕೊನೆಯವರೆಗೆ ಓದಿದೆ. ಬಿಸಿ ಏರುವ ವೇಗ ಕಡಿಮೆಯಾಗಿದೆ ಅಂತ ಅದರಲ್ಲಿತ್ತು. ಅದರ ಬಗ್ಗೆ ವಿಜ್ಞಾನಿಗಳಾದ ನಮ್ಮಲ್ಲೇ ಜಗಳವಿತ್ತು. ಆದರೆ 'ನಿಂತಿದೆ' ಅನ್ನುವ ಮಾತು ಎಲ್ಲೂ ಇರಲಿಲ್ಲ.

ಹಾಗಾಗಿ ಎರಡನೇ ಸಲ ಒಂದೇ ಪ್ರಶ್ನೆ ಹಿಡಿದೆ. ಗ್ರಾಫ್ 1998ರಿಂದಲೇ ಯಾಕೆ ಶುರುವಾಗಬೇಕು? 1997-98ರಲ್ಲಿ ಜೋರು ಎಲ್ ನಿನೋ ಬಂದಿತ್ತು, ಅಂದರೆ ಪೆಸಿಫಿಕ್ ಸಾಗರದ ಮೇಲ್ಮೈ ನೀರು ಮಾಮೂಲಿಗಿಂತ ಬಿಸಿಯಾಗುವ ವಿದ್ಯಮಾನ. ಆ ಶಾಖ ಗಾಳಿಗೆ ಸೇರಿ, 1998 ತನ್ನ ಅಕ್ಕಪಕ್ಕದ ವರ್ಷಗಳಿಗಿಂತ ಜಾಸ್ತಿ ಬಿಸಿಯಾಗಿತ್ತು. ಗುಡ್ಡದ ತುದಿಯಲ್ಲಿ ನಿಂತು ಅಳೆಯಲು ಶುರುಮಾಡಿದರೆ ಮುಂದಿನ ಏರು ಕಾಣುವುದೇ ಇಲ್ಲ ಅಲ್ವಾ? ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿಯಾದ ಐಪಿಸಿಸಿಯ 2013ರ ವರದಿಯಲ್ಲೇ ಇದರ ಲೆಕ್ಕವಿದೆ. 1998ರಿಂದ 2012ರವರೆಗೆ ಹತ್ತು ವರ್ಷಕ್ಕೆ 0.05 ಡಿಗ್ರಿ ಸೆಲ್ಸಿಯಸ್ ಏರಿಕೆ. ಅಷ್ಟೇ ಉದ್ದದ ಅವಧಿಯನ್ನು 1996ರಿಂದ ತೆಗೆದುಕೊಂಡರೆ 0.14. ಬರೀ ಎರಡು ವರ್ಷ ಹಿಂದೆ ಸರಿದದ್ದಕ್ಕೆ ಹೆಚ್ಚುಕಡಿಮೆ ಮೂರು ಪಟ್ಟು! 1951ರಿಂದ 2012ರವರೆಗೆ ನೋಡಿದರೆ 0.12. ಈ ಗೆರೆಗಳನ್ನು ಒಂದೇ ಗ್ರಾಫಿನಲ್ಲಿ ಬೇರೆ ಬೇರೆ ಬಣ್ಣದಲ್ಲಿ ಎಳೆದೆ. ಉತ್ತರ ಒಂದೇ ಪುಟಕ್ಕೆ ಮುಗಿಯಿತು.

ಮೊದಲ ಸಾಲಿನಲ್ಲೇ, ಆ ವರ್ಷಗಳಲ್ಲಿ ಏರಿಕೆ ನಿಧಾನವಾಗಿತ್ತು ಅನ್ನುವುದು ನಿಜ ಅಂತ ಬರೆದೆ. ಅದನ್ನೇ ಹಿಡಿದುಕೊಂಡು ಕುಣಿಯುತ್ತಾರೆ, ತೆಗೆದುಬಿಡಿ ಅಂದರು ಸಹೋದ್ಯೋಗಿ. ತೆಗೆಯಲಿಲ್ಲ. ಇದ್ದದ್ದನ್ನು ಮುಚ್ಚಿಟ್ಟು ಬೇರೆಯವರ ತಪ್ಪು ಹೇಳಲು ನನಗೆ ಮನಸ್ಸಿರಲಿಲ್ಲ.

ಇನ್ನೊಂದು ಕೆಲಸವನ್ನು ಹಳೆಯ ಗಲಾಟೆಯಿಂದ ಕಲಿತೆ. 20ನೇ ಶತಮಾನದ ಬಿಸಿ ಕಳೆದ ಸಾವಿರ ವರ್ಷಗಳಲ್ಲಿ ಅಷ್ಟೇನೂ ವಿಶೇಷವಲ್ಲ ಅಂತ ವಿಜ್ಞಾನಿಗಳಾದ ವಿಲ್ಲಿ ಸೂನ್ ಮತ್ತು ಸ್ಯಾಲಿ ಬಲಿಯುನಾಸ್ 2003ರಲ್ಲಿ ಬರೆದಿದ್ದರು, ಅಮೆರಿಕದ ಸೆನೆಟರ್ ಜೇಮ್ಸ್ ಇನ್‌ಹೋಫ್ ಅದನ್ನು ಸೆನೆಟ್‌ನಲ್ಲಿ ಎತ್ತಿ ಹಿಡಿದಿದ್ದರು. ಆಗ ಆ ಲೇಖನ ಯಾರ ಕೆಲಸವನ್ನು ಆಧಾರವಾಗಿ ಬಳಸಿತ್ತೋ ಅವರಲ್ಲೇ ಕೆಲವರು ಮುಂದೆ ಬಂದು, ನಮ್ಮ ಕೆಲಸಕ್ಕೆ ಆ ಅರ್ಥವಿಲ್ಲ ಅಂದರು. ಅದನ್ನು ಪ್ರಕಟಿಸಿದ ವಿಜ್ಞಾನ ಪತ್ರಿಕೆಯ ಪ್ರಧಾನ ಸಂಪಾದಕ ಹಾನ್ಸ್ ಫಾನ್ ಸ್ಟೋರ್ಖ್ ರಾಜೀನಾಮೆಯನ್ನೇ ಕೊಟ್ಟರು. ಹೀಗಾಗಿ ಈ ಸಲ ಲೇಖನ ಬರೆದವರಿಗೇ ಮೇಲ್ ಹಾಕಿದೆ, ನಿಮ್ಮ ಮೇಲೆ ಸಿಟ್ಟಾಗಿದ್ದೆ ಅನ್ನುವುದನ್ನೂ ಸೇರಿಸಿ. ಬಿಸಿಯಾಗುವುದು ನಿಂತಿದೆ ಅಂತ ನಾನು ಹೇಳಿಲ್ಲ ಅಂತ ಅವರು ಒಂದು ಸಾಲು ಬರೆದುಕೊಟ್ಟರು. ನನ್ನ ಪುಟದಲ್ಲಿ ಜಾಸ್ತಿ ಜನ ಓದಿದ್ದು ಆ ಸಾಲನ್ನೇ.

ರಾಜಕಾರಣಿ ಮುಂದಿನ ಭಾಷಣಕ್ಕೂ ಅದೇ ಗ್ರಾಫ್ ತಂದರು. ಭಾಷಣ ಮುಗಿದ ಮೇಲೆ ಆ ಪತ್ರಕರ್ತೆ ಎದ್ದು ನಿಂತು, 1996ರಿಂದ ಯಾಕೆ ಶುರುಮಾಡಲಿಲ್ಲ ಅಂತ ಕೇಳಿದರು.