ರೊಟ್ಟಿ ಮುರಿಯುವ ಮುಂಚೆ

ಯಹೂದಿ ಅನುಭಾವಿ ಐಸಾಕ್ ಲೂರಿಯಾ (1534–1572) ಹೇಳಿದ್ದು ಇದು: ಸೃಷ್ಟಿಯ ಹೊತ್ತಲ್ಲಿ ದೇವರ ಬೆಳಕು ತುಂಬಿದ ಪಾತ್ರೆಗಳು ಒಡೆದು, ಕಿಡಿಗಳು ಎಲ್ಲದರಲ್ಲೂ ಸಿಕ್ಕಿಕೊಂಡವು. ಊಟದಲ್ಲೂ. ಆ ಕಿಡಿಗಳನ್ನ ಬಿಡಿಸೋದು ನಮ್ಮ ಕೆಲಸ.

ಹೇಗೆ? ಧಾರವಾಡದ ನಮ್ಮ ಮನೆಯಲ್ಲಿ ನಾನು ಮಾಡೋದು ಇಷ್ಟೇ. ಬಿಸಿ ಜೋಳದ ರೊಟ್ಟಿ ತಟ್ಟೆಗೆ ಬಿದ್ದ ಕೂಡಲೇ ಮುರಿಯಬೇಡಿ. ಫೋನ್ ಪಕ್ಕಕ್ಕಿಡಿ. ಉಬ್ಬಿದ ಪದರದಿಂದ ಹಬೆ ಹೋಗೋದನ್ನ, ಸುಟ್ಟ ಚುಕ್ಕೆಗಳನ್ನ ಸುಮ್ನೆ ನೋಡುತ್ತಾ, ನವಲಗುಂದದ ಎರೆಹೊಲದಿಂದ ರೊಟ್ಟಿ ಬಡಿದ ಕೈವರೆಗೆ ಅದು ಬಂದ ದಾರಿ ನೆನೆಸಿಕೊಳ್ಳಿ. ಯಹೂದಿಗಳು ರೊಟ್ಟಿ ತಿನ್ನೋ ಮುಂಚೆ 'ಭೂಮಿಯಿಂದ ರೊಟ್ಟಿ ಹೊರತರುವವನು' ಎಂದು ದೇವರನ್ನು ಹೊಗಳುತ್ತಾರೆ (ಅದು ಗೋಧಿ, ಬಾರ್ಲಿಯಂಥ ಐದು ಧಾನ್ಯಕ್ಕೆ ಮಾತ್ರ, ಪಾಪ ಜೋಳಕ್ಕಿಲ್ಲ!). ನೀವು ನಿಮ್ಮ ಮಾತಲ್ಲೇ ಹೇಳಿ. ದಿನಕ್ಕೆ ಇಂಥ 100 ಸ್ತುತಿ ಹೇಳೋದು ಅವರ ಸಂಪ್ರದಾಯ, ನಮಗೆ ಒಂದೇ ಜಾಸ್ತಿ. ಆಮೇಲೆ ಶೇಂಗಾ ಚಟ್ನಿ.