ಮಧ್ಯಾಹ್ನ 12ಕ್ಕೆ ಸೂರ್ಯ ನೆತ್ತಿಯ ಮೇಲಿರುತ್ತಾನಾ? ಒಂದು ಕೋಲು ನೆಟ್ಟು ಅಕ್ಷಾಂಶ ಕಲಿಸಿದ ಅನುಭವ

ಎಂಟನೇ ಕ್ಲಾಸಿಗೆ ಹೊಸದಾಗಿ ಬಂದ ಮಕ್ಕಳಿಗೆ ನಾನು ಪ್ರತಿ ವರ್ಷ ಒಂದು ಪ್ರಶ್ನೆ ಕೇಳುತ್ತೇನೆ. ಮಧ್ಯಾಹ್ನ 12 ಗಂಟೆಗೆ ಸೂರ್ಯ ಎಲ್ಲಿರುತ್ತಾನೆ? ಇಡೀ ಕ್ಲಾಸು ಒಂದೇ ದನಿಯಲ್ಲಿ "ನೆತ್ತಿ ಮ್ಯಾಲ್ರೀ ಸರ್" ಅನ್ನುತ್ತದೆ. ದಿನಾನೂ? "ಹೌದ್ರಿ, ದಿನಾನೂ." ಒಬ್ಬರಿಗೂ ಅನುಮಾನ ಇಲ್ಲ. ಹೊತ್ತು ನೆತ್ತಿಗೇರಿತು ಅಂತ ಮನೆಯಲ್ಲಿ ಹಿರಿಯರು ಹೇಳುವುದನ್ನು ಕೇಳಿಯೇ ಬೆಳೆದವರು ಅವರು.

ಅದೇ ಮಕ್ಕಳಿಗೆ ಅಕ್ಷಾಂಶ ಅಂದರೇನು ಅಂತ ಕೇಳಿ. ಸಮಭಾಜಕ ವೃತ್ತದಿಂದ ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇರುವ ಕೋನೀಯ ದೂರ ಅಂತ ಉಸಿರು ಬಿಡದೆ ಹೇಳುತ್ತಾರೆ. ಯಾವ ಕೋನ? ಅದರ ಮೂಲೆ ಎಲ್ಲಿದೆ? ಯಾರು ಅಳೆದರು, ಹೇಗೆ? ಅಲ್ಲಿಗೆ ಎಲ್ಲರೂ ಸುಮ್ಮನೆ. ನಾನು ಧಾರವಾಡದ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ಅಕ್ಷಾಂಶ ಬರುವುದು ಸಮಾಜ ವಿಜ್ಞಾನದಲ್ಲಿ, ಹಾಗಾಗಿ ಅದು ನನ್ನ ಪಾಠ ಅಲ್ಲ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಕೋನ ಅನ್ನುವುದು ಗಣಿತ, ನೆರಳು ಅನ್ನುವುದು ವಿಜ್ಞಾನ, ಭೂಪಟ ಅನ್ನುವುದು ಸಮಾಜ ಅಂತ ಮೂರು ನೋಟ್‌ಬುಕ್ಕಿನಲ್ಲಿ ಮೂರು ತುಂಡು ಮಾಡಿ ಕೊಟ್ಟರೆ ಮಗುವಿಗೆ ಅದನ್ನು ಜೋಡಿಸಿಕೊಳ್ಳೋಕೆ ಎಲ್ಲಿ ಆಗುತ್ತದೆ ಹೇಳಿ. ನಮ್ಮ ಸಮಾಜದ ಮೇಡಂ ಹತ್ತಿರ ಇದನ್ನೇ ಮಾತಾಡುತ್ತಿದ್ದಾಗ ಅವರು, "ಹಾಗಾದ್ರೆ ಇಬ್ಬರೂ ಸೇರಿ ಒಂದು ಸಲ ಅಂಗಳದಲ್ಲೇ ಪಾಠ ಮಾಡೋಣ ಸರ್, ವ್ಯಾಖ್ಯೆ ಕೊನೆಗೆ ಬರಲಿ" ಅಂದರು. ಶುರುವಾಗಿದ್ದು ಹೀಗೆ.

ಸೆಪ್ಟೆಂಬರ್ 23 ಅನ್ನು ಆರಿಸಿಕೊಂಡೆವು. ಹಗಲು ರಾತ್ರಿ ಸಮ ಇರುವ ಆ ಹೊತ್ತಿಗೆ ಸೂರ್ಯ ಸಮಭಾಜಕ ವೃತ್ತದ ನೇರಕ್ಕೆ ಇರುತ್ತಾನೆ. ಅವತ್ತು ನಡುಹಗಲಿಗೆ ಸೂರ್ಯ ನಮ್ಮ ನೆತ್ತಿಯಿಂದ ಎಷ್ಟು ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೋ ಅಷ್ಟೇ ನಮ್ಮೂರಿನ ಅಕ್ಷಾಂಶ. ಬೇರೆ ಲೆಕ್ಕವೇ ಬೇಡ. ಮಾರ್ಚ್ 21ಕ್ಕೂ ಇದೇ ಆಗುತ್ತದೆ, ಆದರೆ ಆಗ ಪರೀಕ್ಷೆಯ ಗಡಿಬಿಡಿ.

ಮೊದಲ ವರ್ಷ ತಪ್ಪು ಮಾಡಿದೆ. ನೆಲದಿಂದ ಸರಿಯಾಗಿ 100 ಸೆಂ.ಮೀ. ಎದ್ದಿರುವಂತೆ ಕೋಲು ನೆಟ್ಟು, ಗಡಿಯಾರದಲ್ಲಿ 12 ಆದ ಕೂಡಲೇ ನೆರಳು ಅಳೆಸಿದೆ. 29 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಬಂತು. ಚಿತ್ರ ಬರೆದು ಕೋನ ನೋಡಿದರೆ ಹದಿನಾರೂವರೆ ಡಿಗ್ರಿಯ ಹತ್ತಿರ. ಅಟ್ಲಾಸಿನಲ್ಲಿ ಧಾರವಾಡ ಇರುವುದು ಹದಿನೈದೂವರೆಯಲ್ಲಿ. ಒಂದು ಡಿಗ್ರಿ ಹೆಚ್ಚು ಕಡಿಮೆ ಇದ್ದೇ ಇರುತ್ತದೆ ಅಂತ ಹೇಳಿ ಮುಗಿಸುವವನಿದ್ದೆ. ಅಷ್ಟರಲ್ಲಿ ಕೋಲಿನ ಹತ್ತಿರವೇ ಕೂತಿದ್ದ ಒಬ್ಬ ಹುಡುಗ, "ಸರ್, ನೆಳ್ಳು ಇನ್ನೂ ಸಣ್ಣದಾಗಾಕತ್ತೈತ್ರಿ" ಅಂದ. ಹೋಗಿ ನೋಡಿದೆ. 12 ಗಂಟೆ 10 ನಿಮಿಷ, ನೆರಳು ನಿಜವಾಗಿಯೂ ಚಿಕ್ಕದಾಗುತ್ತಲೇ ಇತ್ತು.

ನಮ್ಮ ಗಡಿಯಾರ ಧಾರವಾಡದ್ದಲ್ಲ, ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ್ದು. ಧಾರವಾಡ ಇರುವುದು 75 ಡಿಗ್ರಿಯಲ್ಲಿ. ಏಳೂವರೆ ಡಿಗ್ರಿ ವ್ಯತ್ಯಾಸ, ಡಿಗ್ರಿಗೆ 4 ನಿಮಿಷ, ಅಂದರೆ 30 ನಿಮಿಷ. ನಮ್ಮಲ್ಲಿ ನಿಜವಾದ ನಡುಹಗಲು ಆಗಬೇಕಿದ್ದುದು 12:30ಕ್ಕೆ. ಅದೂ ಪೂರ್ತಿ ಸರಿಯಲ್ಲ. ಭೂಮಿ ಸೂರ್ಯನನ್ನು ಸುತ್ತುವ ವೇಗ ವರ್ಷವಿಡೀ ಒಂದೇ ಇರಲ್ಲ, ಅದರ ಅಕ್ಷವೂ ವಾಲಿದೆ. ಇದರಿಂದ ಸೂರ್ಯ ಕೆಲವು ತಿಂಗಳು ಗಡಿಯಾರಕ್ಕಿಂತ ಮುಂದಿರುತ್ತಾನೆ, ಕೆಲವು ತಿಂಗಳು ಹಿಂದೆ ಬೀಳುತ್ತಾನೆ. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಏಳೆಂಟು ನಿಮಿಷ ಮುಂದೆ. ಹಾಗಾಗಿ ಅವತ್ತು ನಮಗೆ ನಡುಹಗಲು 12:22ಕ್ಕೆ. ಒಂದು ಡಿಗ್ರಿಗೆ 4 ನಿಮಿಷ ಅಂತ ನಾನೂ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಎಷ್ಟೋ ಸಲ ಬೋರ್ಡಿನ ಮೇಲೆ ಲೆಕ್ಕವನ್ನೂ ಬಿಡಿಸಿದ್ದೆ. ಅದು ನಮ್ಮ ಅಂಗಳದ ನೆರಳಿನಲ್ಲಿ ಕಾಣುತ್ತದೆ ಅಂತ ಮಾತ್ರ ಹೊಳೆದಿರಲಿಲ್ಲ. ಆ ಹುಡುಗ ಆ ಮಾತು ಹೇಳದಿದ್ದರೆ ಇವತ್ತಿಗೂ ಹೊಳೆಯುತ್ತಿರಲಿಲ್ಲವೇನೋ.

ಮುಂದಿನ ವರ್ಷದಿಂದ ಕ್ರಮ ಬದಲಾಯಿಸಿದೆವು. ಮಾಡುವವರಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೆಲ ಮಟ್ಟಸ ಇರಲೇಬೇಕು. ನಾವು ಹಿಂದಿನ ದಿನವೇ ಒಂದು ಜಾಗ ಹದ ಮಾಡಿ ಸೆಗಣಿ ಸಾರಿಸಿ, ಒಬ್ಬ ಹುಡುಗನ ಅಪ್ಪ ಗೌಂಡಿ ಕೆಲಸದವರು, ಅವರ ರಸಮಟ್ಟ ತರಿಸಿ ಇಟ್ಟು ನೋಡುತ್ತೇವೆ. ಕೋಲು ನೆಟ್ಟಗಿದೆಯಾ ಅಂತ ನೋಡಲು ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಬಿಟ್ಟರೆ ಸಾಕು. ಕೋಲಿನ ಬುಡವನ್ನೇ ನಡು ಮಾಡಿಕೊಂಡು 40 ಸೆಂ.ಮೀ. ಉದ್ದದ ದಾರದಿಂದ ಒಂದು ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳು ವೃತ್ತದಿಂದ ಹೊರಗಿರುತ್ತದೆ, ಚಿಕ್ಕದಾಗುತ್ತಾ ಬಂದು ಒಂದು ಕ್ಷಣ ಅದರ ತುದಿ ಗೆರೆಯನ್ನು ಮುಟ್ಟುತ್ತದೆ. ಅಲ್ಲಿ ಗುರುತು ಹಾಕಿ, ಆ ಹೊತ್ತು ಬರೆದುಕೊಳ್ಳಿ. ಆಮೇಲೆ ಒಳಗೆ ಹೋಗಿ, ಮತ್ತೆ ಬೆಳೆದು ಇನ್ನೊಂದು ಕಡೆ ಗೆರೆ ಮುಟ್ಟುತ್ತದೆ. ಅಲ್ಲೂ ಗುರುತು ಹಾಕಿ, ಹೊತ್ತು ಬರೆದುಕೊಳ್ಳಿ. ನಮಗೆ ಬಂದಿದ್ದು 11:20 ಮತ್ತು 1:24. ಎರಡರ ನಡು 12:22. ನೆರಳು ಎಲ್ಲಕ್ಕಿಂತ ಚಿಕ್ಕದಾದ ಹೊತ್ತನ್ನು ಕಣ್ಣಿನಿಂದಲೇ ಹಿಡಿಯುತ್ತೇನೆ ಅಂದರೆ ಆಗಲ್ಲ, ನಡುಹಗಲಿನ ಆಚೀಚೆ ಹತ್ತು ನಿಮಿಷದಲ್ಲಿ ನೆರಳಿನ ಉದ್ದ ಬದಲಾಗುವುದು ಮೂರ್ನಾಲ್ಕು ಮಿಲಿಮೀಟರ್ ಅಷ್ಟೇ. ಆ ಎರಡು ಗುರುತುಗಳನ್ನು ಸೇರಿಸಿ ಗೆರೆ ಎಳೆದರೆ ಅದೇ ಪೂರ್ವ–ಪಶ್ಚಿಮ. ದಿಕ್ಸೂಚಿ ಬೇಕಿಲ್ಲ. ನಮ್ಮ ಹಳೆಯ ಖಗೋಳ ಗ್ರಂಥಗಳಲ್ಲಿ ಈ ಕೋಲಿಗೆ ಶಂಕು ಅನ್ನುತ್ತಾರೆ, ದಿಕ್ಕು ಕಂಡುಹಿಡಿಯಲು ಬಳಸುತ್ತಿದ್ದುದು ಇದೇ ವಿಧಾನ.

ನೆರಳಿನ ತುದಿ ಮಸುಕಾಗಿರುತ್ತದೆ, ಅದೊಂದು ತೊಂದರೆ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಎಲ್ಲಿಗೆ ಮುಗಿಯಿತು ಅಂತ ಮಕ್ಕಳು ಜಗಳ ಆಡುತ್ತಾರೆ. ಕೋಲಿನ ತಲೆಗೆ ಒಂದು ವಾಷರ್ ಅಂಟಿಸಿದೆವು, ಅದರ ತೂತಿನಿಂದ ಬರುವ ಬೆಳಕಿನ ಬೊಟ್ಟಿನ ನಡುವಿಗೆ ಅಳೆದರೆ ಜಗಳ ಇಲ್ಲ. ಎತ್ತರವನ್ನೂ ಆ ತೂತಿನ ನಡುವಿಗೇ ಅಳೆಯಬೇಕು.

ನಡುಹಗಲಿನ ನೆರಳು 27.7 ಸೆಂ.ಮೀ. ಬಂತು. ತ್ರಿಕೋನಮಿತಿ ಇವರಿಗೆ ಇನ್ನೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಚಾರ್ಟ್ ಹಾಳೆಯ ಮೇಲೆ ಕಾಲು ಅಳತೆಯಲ್ಲಿ ಬರೆಸಿದೆ. ಕೋಲು 25 ಸೆಂ.ಮೀ., ನೆರಳು 6.9 ಸೆಂ.ಮೀ. ತುದಿಗಳನ್ನು ಸೇರಿಸಿ, ಮೇಲಿನ ಕೋನಕ್ಕೆ ಕೋನಮಾಪಕ ಇಟ್ಟರು. ಹದಿನೈದೂವರೆ. ಮೇಡಂ ಆಗ ಒಂದೂ ಮಾತಾಡದೆ ಅಟ್ಲಾಸು ತೆರೆದು ನಡುವೆ ಇಟ್ಟರು. ಹುಡುಗಿಯೊಬ್ಬಳು ಧಾರವಾಡದ ಮೇಲೆ ಬೆರಳಿಟ್ಟು ಅಡ್ಡಗೆರೆ ಹಿಡಿದು ಅಂಚಿನವರೆಗೆ ಹೋದಳು. ಅಂಚಿನಲ್ಲಿದ್ದ ಅಂಕಿ ನೋಡಿ ಅವಳು ತಲೆ ಎತ್ತಿದಾಗ ಆ ಮುಖದಲ್ಲಿದ್ದ ಖುಷಿಯನ್ನು ನಾನು ಮರೆಯುವುದಿಲ್ಲ.

ಮೂರನೇ ವರ್ಷ ಇನ್ನೊಂದು ಹೆಜ್ಜೆ ಮುಂದೆ ಹೋದೆವು. ಬಿ.ಎಡ್. ಓದುವಾಗಿನ ನನ್ನ ಗೆಳೆಯ ಮೈಸೂರಿನ ಹತ್ತಿರ ಮೇಷ್ಟ್ರು. ಅವನ ಮಕ್ಕಳೂ ಅದೇ ದಿನ ಅದೇ ಅಳತೆಯ ಕೋಲು ನೆಟ್ಟರು. ಅವರ ನೆರಳು 21.8 ಸೆಂ.ಮೀ., ಕೋನ ಹನ್ನೆರಡೂಕಾಲು ಡಿಗ್ರಿ. ಅವರ ನಡುಹಗಲು 12:16ಕ್ಕೆ, ನಮಗಿಂತ 6 ನಿಮಿಷ ಮೊದಲು. ಮೈಸೂರು ನಮಗಿಂತ ಪೂರ್ವಕ್ಕಿದೆ, ಎಷ್ಟು ಅಂತ ಮಕ್ಕಳೇ ಹೇಳಿದರು: ಒಂದೂವರೆ ಡಿಗ್ರಿ. ರೇಖಾಂಶದ ಪಾಠ ಫೋನಿನಲ್ಲೇ ಮುಗಿಯಿತು.

ಆಮೇಲೆ ಗ್ರೀಕ್ ವಿದ್ವಾಂಸ ಎರಟೋಸ್ಥನೀಸ್ ಕಥೆ. 2,200 ವರ್ಷಗಳ ಹಿಂದೆ ಈಜಿಪ್ಟಿನ ಸಯೀನ್ ಮತ್ತು ಅಲೆಕ್ಸಾಂಡ್ರಿಯಾ ನಡುವೆ 7.2 ಡಿಗ್ರಿ ವ್ಯತ್ಯಾಸ ಕಂಡು, ಅದು ಪೂರ್ತಿ ಸುತ್ತಿನ ಐವತ್ತನೇ ಒಂದು ಭಾಗ ಅಂತ ಭೂಮಿಯ ಸುತ್ತಳತೆ ಹೇಳಿದವನು. ನಮ್ಮದು ಮೂರೂಕಾಲು ಡಿಗ್ರಿ. ಧಾರವಾಡಕ್ಕೂ ಮೈಸೂರಿಗೂ ಇರುವ ದೂರ ಹುಡುಕುವಾಗ ಮಕ್ಕಳು ಬಸ್ಸಿನ ಕಿಲೋಮೀಟರ್ ಹಾಕಿದರು, ಉತ್ತರ ಎಲ್ಲಿಗೋ ಹೋಯಿತು. ಬೇಕಾದದ್ದು ನೇರ ಉತ್ತರ–ದಕ್ಷಿಣ ದೂರ ಮಾತ್ರ. ಅಟ್ಲಾಸಿನ ಅಳತೆಪಟ್ಟಿಯಲ್ಲಿ ಅದು ಸುಮಾರು 350 ಕಿ.ಮೀ. ಗುಣಿಸಿ ಭಾಗಿಸಿದರೆ 38,800 ಕಿ.ಮೀ. ಹತ್ತಿರ. ನಿಜವಾದದ್ದು ಸುಮಾರು 40,000. ಒಂದು ಕೋಲು, ಒಂದು ದಾರ, ಒಂದು ಫೋನು, ಇಷ್ಟರಲ್ಲಿ! ಆದರೆ ಇದನ್ನು ಮಕ್ಕಳಿಗೆ ಬಿಚ್ಚಿ ಹೇಳಿದೆ: ಕೋನ ಅರ್ಧ ಡಿಗ್ರಿ ತಪ್ಪಿದ್ದರೂ ಉತ್ತರ 5,000 ಕಿ.ಮೀ.ಗಿಂತ ಜಾಸ್ತಿ ಆಚೀಚೆ ಆಗುತ್ತಿತ್ತು. ಎರಡು ಊರು ದೂರ ಇದ್ದಷ್ಟೂ ಈ ತಪ್ಪು ಕಡಿಮೆ. ಗಣಿತದಲ್ಲಿ ಸುಮ್ನೆ ಬಾಯಿಪಾಠ ಮಾಡಿದ್ದ ಪರ್ಯಾಯ ಕೋನ ಎಲ್ಲಿ ಕೆಲಸಕ್ಕೆ ಬರುತ್ತದೆ ಅಂತಲೂ ಅವತ್ತೇ ಗೊತ್ತಾಗಿದ್ದು: ಸೂರ್ಯನ ಕಿರಣಗಳು ಸಮಾಂತರ, ಹಾಗಾಗಿ ಕೋಲಿನ ತುದಿಯಲ್ಲಿ ಅಳೆದ ಕೋನವೂ ಭೂಮಿಯ ನಡುವಿನಲ್ಲಿ ಮೂಲೆ ಇರುವ ಅಕ್ಷಾಂಶದ ಕೋನವೂ ಒಂದೇ.

ಮೋಡದ ಮಾತು ಹೇಳಲೇಬೇಕು. ಒಂದು ವರ್ಷ 23ಕ್ಕೆ ಮೋಡ, 24ಕ್ಕೂ ಮೋಡ, 25ಕ್ಕೆ ಮಾಡಿದೆವು. ಈ ದಿನಗಳಲ್ಲಿ ಸೂರ್ಯ ದಿನಕ್ಕೆ 0.4 ಡಿಗ್ರಿ ದಕ್ಷಿಣಕ್ಕೆ ಸರಿಯುತ್ತಾನೆ, ದಿನಕ್ಕೆ ಅಷ್ಟರಂತೆ ಕಳೆದರೆ ಆಯಿತು. ದಿನ ತಪ್ಪಿತು ಅಂತ ಬಿಡಬೇಡಿ.

ಇಷ್ಟಾದ ಮೇಲೆ ಸೂರ್ಯ ನೆತ್ತಿಯ ಮೇಲೆ ಯಾವಾಗ ಬರುತ್ತಾನೆ ಅನ್ನುವುದು ಮಕ್ಕಳದೇ ಪ್ರಶ್ನೆ ಆಗುತ್ತದೆ. ನಮ್ಮಲ್ಲಿ ವರ್ಷಕ್ಕೆ ಎರಡೇ ಸಲ, ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರ. ಬೆಂಗಳೂರಿಗೆ ಏಪ್ರಿಲ್ ಕೊನೆಯಲ್ಲೇ. ದೆಹಲಿಗೆ ಎಂದೂ ಇಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ಇಪ್ಪತ್ಮೂರೂವರೆಯಲ್ಲಿ ಯಾಕೆ ಎಳೆದಿದ್ದಾರೆ ಅನ್ನುವುದಕ್ಕೆ ಬೇರೆ ವಿವರಣೆಯೇ ಬೇಕಾಗಲಿಲ್ಲ. ಆಗಸ್ಟಿನಲ್ಲಿ ನಮಗೆ ಮಳೆ, ಮೇನಲ್ಲಿ ರಜೆ.

ಹೋದ ಮೇ ತಿಂಗಳಲ್ಲಿ ಒಬ್ಬಳು ವಾಟ್ಸಾಪಿನಲ್ಲಿ ಫೋಟೋ ಕಳಿಸಿದಳು. ಮನೆಯ ಅಂಗಳದಲ್ಲಿ ಒನಕೆ ನೆಟ್ಟಗೆ ನಿಂತಿದೆ, ತಮ್ಮ ಬಗ್ಗಿ ಹಿಡಿದಿದ್ದಾನೆ, ಅವನ ನೆರಳು ಪೂರ್ತಿ ಅವನ ಕಾಲ ಕೆಳಗೇ ಮುದುಡಿಕೊಂಡಿದೆ. ಒನಕೆಗೆ ನೆರಳೇ ಇಲ್ಲ. ಕೆಳಗೆ ಬರೆದಿದ್ದಳು: "ಸರ್, 12:27ಕ್ಕ ಮಾಯ ಆತ್ರಿ. ಗೋಕಾಕದಾಗ ನಮ್ಮ ಅಜ್ಜಿ ಮನಿ ಐತ್ರಿ, ಅಲ್ಲಿ ಯಾವಾಗ್ರಿ?"

ನಾನು ಉತ್ತರ ಹೇಳಲಿಲ್ಲ. ಮೇ ಶುರುವಿನಲ್ಲಿ ಸೂರ್ಯ ದಿನಕ್ಕೆ 0.3 ಡಿಗ್ರಿ ಉತ್ತರಕ್ಕೆ ಹೋಗುತ್ತಾನೆ, ಗೋಕಾಕದ ಅಕ್ಷಾಂಶ ಅಟ್ಲಾಸಿನಲ್ಲಿ ನೀನೇ ನೋಡು ಅಂತ ಬರೆದೆ. ಅರ್ಧ ಗಂಟೆಗೆ ಉತ್ತರ ಬಂತು: "ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ ತಡ ಆಗ್ತೈತ್ರಿ. ನಾಳೆ ಬಸ್ಸಿಗೆ ಹೊಂಟೇವ್ರಿ, ಒನಕಿ ಅಜ್ಜಿ ಮನ್ಯಾಗೂ ಐತ್ರಿ."